ಪದಾರ್ಥಗಳ ದಾರ್ಢ್ಯದ ಎಲ್ಲೆ

ನಂಗಲಿ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ನಾಡಿನ ಚರಿತ್ರೆಯನ್ನು ಓದಿದವರಿಗೆ ನೆನಪಾಗುವುದು ಒಂದು ಎಲ್ಲೆ. 12ನೆಯ ಶತಮಾನದಲ್ಲಿ ಆಳಿದ ಹೊಯ್ಸಳ ವಿಷ್ಣುವರ್ಧನನ ರಾಜ್ಯದ ಮೇರೆಗಳನ್ನು ಹೇಳುವ ಶಾಸನಗಳು ಮೂಡಣ ಮೇರೆಯಾಗಿ ನಂಗಲಿಯನ್ನು ಹೆಸರಿಸುತ್ತವೆ. ಅವನು ಗೆದ್ದ ನಾಡುಗಳನ್ನು ಪೋಣಿಸಿರುವ ಬಿರುದಿನಲ್ಲಿಯೂ ತಲಕಾಡು, ಕೊಂಗುಗಳ ಜೊತೆಗೆ ನಂಗಲಿಯ ಹೆಸರು ಸೇರಿದೆ. ಅದರ ತಾಲ್ಲೂಕಿನ ಮುಖ್ಯ ಪಟ್ಟಣಕ್ಕೆ ಮೂಡಣ ಬಾಗಿಲೆಂಬ ಅರ್ಥದಲ್ಲಿಯೇ ಮುಳಬಾಗಿಲು ಎಂಬ ಹೆಸರು ಬಂದಿದೆ. ಇಂದಿಗೂ ಬೆಂಗಳೂರಿನಿಂದ ಚಿತ್ತೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಕರ್ನಾಟಕದ ಕೊನೆಯ ಊರುಗಳಲ್ಲಿ ನಂಗಲಿಯೂ ಒಂದು.

ರಾಜ್ಯಗಳಿಗೆ ಎರಡು ಬಗೆಯ ಎಲ್ಲೆಗಳಿರುವುದುಂಟು. ಶಾಸನದಲ್ಲಿ ಬರೆದ ಎಲ್ಲೆ ಒಂದು; ಕಾವಲು ನಿಜವಾಗಿ ನಿಲ್ಲಬಲ್ಲ ಎಲ್ಲೆ ಇನ್ನೊಂದು. ಈ ಎರಡಕ್ಕೂ ನಡುವೆ ಎಷ್ಟೋ ವೇಳೆ ಬಹಳ ಅಂತರವಿರುತ್ತಿತ್ತು. ಕಲ್ಲು, ಉಕ್ಕು, ಗಾಜು ಮೊದಲಾದ ಪದಾರ್ಥಗಳ ಬಲಕ್ಕೂ ಹೀಗೆಯೇ ಎರಡು ಎಲ್ಲೆಗಳಿವೆ. ಪರಮಾಣುಗಳು ಒಂದನ್ನೊಂದು ಹಿಡಿದುಕೊಂಡಿರುವ ಬಲವನ್ನು ಗಣಿಸಿ ಗೊತ್ತುಮಾಡಿದ್ದು ಮೊದಲನೆಯದು. ಇದನ್ನು ಸಿದ್ಧಾಂತದ ಎಲ್ಲೆ ಎನ್ನೋಣ. ಅದೇ ಪದಾರ್ಥದ ತುಂಡೊಂದನ್ನು ಯಂತ್ರದಲ್ಲಿ ಸಿಕ್ಕಿಸಿ ಎಳೆದಾಗ ಅದು ಮುರಿಯುವ ಎಲ್ಲೆ ಎರಡನೆಯದು. ಇವೆರಡರ ನಡುವಣ ಅಂತರ ಹತ್ತರಷ್ಟು, ನೂರರಷ್ಟು, ಕೆಲವೆಡೆ ಸಾವಿರದಷ್ಟು. ಈ ಅಂತರವೇಕೆ ಉಂಟಾಯಿತು, ಅದನ್ನು ತಿಳಿದುಕೊಂಡದ್ದರಿಂದ ಮನುಷ್ಯನ ಪ್ರಾಣರಕ್ಷಣೆಗೆ ಏನು ಸಹಾಯವಾಯಿತು ಎಂಬುದೇ ಈ ಭಾಷಣದ ವಿಷಯ.

ಮೊದಲು ಕಲ್ಲಿನ ಮಾತು. ಮುಳಬಾಗಿಲು, ಕೋಲಾರದ ಸೀಮೆಯೆಲ್ಲ ಗ್ರಾನೈಟು ಕಲ್ಲಿನ ಸೀಮೆ. ಹೊಲದ ಬೇಲಿಗೆ ನೆಟ್ಟ ಕಲ್ಲು, ಮನೆಯ ಮಾಳಿಗೆಗೆ ಹೊದಿಸಿದ ಚಪ್ಪಡಿ, ದೇವಾಲಯದ ಕಂಬ ಎಲ್ಲವೂ ಅದೇ. ಇಷ್ಟು ಗಟ್ಟಿಯಾದ ಕಲ್ಲನ್ನು ಕಲ್ಲುಕುಟಿಗನು ಹೇಗೆ ಸೀಳುತ್ತಾನೆ? ಬಂಡೆಯನ್ನು ಜಜ್ಜುವ ಗೋಜಿಗೆ ಅವನು ಹೋಗುವುದಿಲ್ಲ. ಬೇಕಾದ ಗೆರೆಯುದ್ದಕ್ಕೂ ಸಾಲಾಗಿ ಸಣ್ಣ ಕುಳಿಗಳನ್ನು ಕೊರೆದು, ಅವುಗಳಲ್ಲಿ ಬೆಣೆಗಳನ್ನು ಇಟ್ಟು, ಈ ತುದಿಯಿಂದ ಆ ತುದಿಯವರೆಗೆ ಒಂದೊಂದಾಗಿ ಸುತ್ತಿಗೆಯಿಂದ ಬಡಿಯುತ್ತ ಬರುತ್ತಾನೆ. ನಾಲ್ಕಾರು ಸುತ್ತು ಬಡಿಯುವ ವೇಳೆಗೆ ಕಲ್ಲಿನ ಧ್ವನಿ ಬದಲಾಗುತ್ತದೆ. ಆಮೇಲೆ ಆನೆಯಷ್ಟು ದೊಡ್ಡ ಬಂಡೆ ಗೆರೆ ಎಳೆದಂತೆ ಎರಡು ಹೋಳಾಗುತ್ತದೆ. ಬೆಣೆಯ ಏಟಿನ ಶಕ್ತಿಯೊಂದನ್ನೇ ಲೆಕ್ಕಹಾಕಿದರೆ ಇದು ಪವಾಡದಂತೆ ತೋರುತ್ತದೆ. ಆದರೆ ಕಲ್ಲುಕುಟಿಗನು ಕಲ್ಲಿನ ಒಂದು ಗುಟ್ಟನ್ನು ಬಲ್ಲ. ಅದುಮುವ ಭಾರವನ್ನು ಕಲ್ಲು ಧಾರಾಳವಾಗಿ ಹೊರುತ್ತದೆ. ಬಿಡಿಸುವ ಎಳೆತವನ್ನು ಮಾತ್ರ ತಾಳಲಾರದು.

ಅಂಕಿಗಳಲ್ಲಿ ಹೇಳುವುದಾದರೆ, ಒಳ್ಳೆಯ ಗ್ರಾನೈಟು ಕಲ್ಲು ಒಂದು ಚದರ ಮಿಲಿಮೀಟರಿಗೆ 15ರಿಂದ 20 ಕಿಲೋಗ್ರಾಂ ಅದುಮುವಿಕೆಯನ್ನು ತಡೆಯುತ್ತದೆ. ಎಳೆತವನ್ನಾದರೋ ಸುಮಾರು 1 ಕಿಲೋಗ್ರಾಂ ಮಾತ್ರ. ಕುರುಡುಮಲೆಯಲ್ಲಾಗಲಿ ಆವನಿಯಲ್ಲಾಗಲಿ ಹಳೆಯ ದೇವಾಲಯಗಳ ಮಂಟಪಗಳನ್ನು ನೋಡಿದವರು ಕಂಬಗಳು ಎಷ್ಟು ಹತ್ತಿರ ಹತ್ತಿರ ನಿಂತಿವೆಯೆಂಬುದನ್ನು ಗಮನಿಸಿರಬಹುದು. ಅದು ಬರಿಯ ಅಲಂಕಾರಕ್ಕಾಗಿ ಅಲ್ಲ. ಎರಡು ಕಂಬಗಳ ಮೇಲೆ ಅಡ್ಡವಾಗಿ ಮಲಗಿದ ತೊಲೆಯ ಮೇಲ್ಭಾಗ ಅದುಮಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಕಂಬಗಳು ದೂರವಾದರೆ ಕಲ್ಲಿನ ತೊಲೆ ಕೆಳಗಿನಿಂದ ಬಿರಿದು ಬೀಳುತ್ತದೆ. ನಮ್ಮ ಸ್ಥಪತಿಗಳು ಕಲ್ಲಿನ ಎಲ್ಲೆಯನ್ನು ಅನುಭವದಿಂದ ಅರಿತು, ಅದನ್ನು ಮೀರದೆ ಕಟ್ಟಿದರು.

ಇನ್ನು ಸಿದ್ಧಾಂತದ ಎಲ್ಲೆಯನ್ನು ವಿಚಾರಮಾಡೋಣ. ಯಾವ ಘನಪದಾರ್ಥವೇ ಆಗಲಿ ಪರಮಾಣುಗಳ ಕಟ್ಟಡ. ಅಕ್ಕಪಕ್ಕದ ಪರಮಾಣುಗಳು ಒಂದು ನಿಯತವಾದ ದೂರದಲ್ಲಿ ನೆಮ್ಮದಿಯಾಗಿರುತ್ತವೆ. ಅವನ್ನು ಸ್ವಲ್ಪ ಎಳೆದರೆ ಹಿಂದಕ್ಕೆ ಸೆಳೆಯುತ್ತವೆ. ಬಿಟ್ಟರೆ ಮೊದಲಿನ ಸ್ಥಾನಕ್ಕೆ ಬರುತ್ತವೆ. ಇದನ್ನೇ ಸ್ಥಿತಿಸ್ಥಾಪಕತೆ ಎನ್ನುತ್ತೇವೆ. ಆದರೆ ಎಳೆಯುತ್ತ ಹೋದಂತೆ ಒಂದು ಹಂತದಲ್ಲಿ ಈ ಸೆಳೆತ ಪರಮಾವಧಿಯನ್ನು ಮುಟ್ಟಿ ಅನಂತರ ಇಳಿಯತೊಡಗುತ್ತದೆ. ಆ ಪರಮಾವಧಿಯೇ ಪದಾರ್ಥದ ಸಿದ್ಧಾಂತದ ಬಲ. ಎಲ್ಲ ಪರಮಾಣುಗಳೂ ಏಕಕಾಲದಲ್ಲಿ ಸಮಪಾಲಾಗಿ ಭಾರ ಹೊತ್ತರೆ ಈ ಬಲ ಎಷ್ಟಿರಬೇಕು? ಇದಕ್ಕೆ ಇಂಜನಿಯರುಗಳಲ್ಲಿ ಒಂದು ಸ್ಥೂಲವಾದ ಸೂತ್ರವುಂಟು: ಪದಾರ್ಥದ ಸ್ಥಿತಿಸ್ಥಾಪಕತೆಯ ಅಳತೆ ಎಷ್ಟೋ ಅದರಲ್ಲಿ ಸುಮಾರು ಹತ್ತನೆಯ ಒಂದು ಪಾಲು. ಕಬ್ಬಿಣಕ್ಕೆ ಆ ಅಳತೆ ಚದರ ಮಿಲಿಮೀಟರಿಗೆ ಸುಮಾರು 21,000 ಕಿಲೋಗ್ರಾಂ. ಆದ್ದರಿಂದ ಅದರ ಸಿದ್ಧಾಂತದ ಬಲ ಸುಮಾರು 2,000 ಕಿಲೋಗ್ರಾಂ ಆಗಬೇಕು. ಕಟ್ಟಡಗಳಲ್ಲಿ ಬಳಸುವ ಸಾಧಾರಣ ಉಕ್ಕು 40, 45 ಕಿಲೋಗ್ರಾಂಗೆ ಮುರಿಯುತ್ತದೆ. ಗ್ರಾನೈಟಿಗೆ ಇದೇ ಲೆಕ್ಕದಲ್ಲಿ 500 ಕಿಲೋಗ್ರಾಂ ಬರಬೇಕು. ನಿಜವಾಗಿ ದೊರೆಯುವುದು ಆಗಲೇ ಹೇಳಿದಂತೆ 1 ಕಿಲೋಗ್ರಾಂ. ಉಳಿದದ್ದೆಲ್ಲ ಎಲ್ಲಿ ಹೋಯಿತು?

ಈ ಪ್ರಶ್ನೆಗೆ ಉತ್ತರದ ಮೊದಲ ಸುಳಿವು ದೊರೆತದ್ದು ಹಡಗಿನ ತಗಡುಗಳಿಂದ. ತಗಡಿನಲ್ಲಿ ಮಾಡಿದ ರಂಧ್ರಗಳ ಮೂಲೆಗಳಿಂದಲೇ ಬಿರುಕುಗಳು ಹೊರಡುವುದನ್ನು ಜನರು ಕಂಡಿದ್ದರು. 1913ರಲ್ಲಿ ಚಾರ್ಲ್ಸ್ ಇಂಗ್ಲಿಸ್ ಎಂಬ ಇಂಜನಿಯರು ಇದನ್ನು ಗಣಿತದಿಂದ ವಿವರಿಸಿದನು. ತಗಡನ್ನು ಎಳೆದಾಗ ಅದರಲ್ಲಿ ಒಂದು ದುಂಡಾದ ರಂಧ್ರವಿದ್ದರೆ, ರಂಧ್ರದ ಪಕ್ಕದಲ್ಲಿ ಎಳೆತ ಉಳಿದೆಡೆಗಿಂತ ಮೂರರಷ್ಟಾಗುತ್ತದೆ. ರಂಧ್ರವು ಎಳೆತಕ್ಕೆ ಅಡ್ಡವಾಗಿ ನೀಳವಾಗಿದ್ದು, ಅದರ ಉದ್ದ ಅಗಲಕ್ಕಿಂತ ಹತ್ತುಪಾಲು ಹೆಚ್ಚಾಗಿದ್ದರೆ, ಅದರ ತುದಿಯಲ್ಲಿ ಎಳೆತ ಇಪ್ಪತ್ತೊಂದರಷ್ಟಾಗುತ್ತದೆ. ಬಿರುಕೆಂದರೆ ಅತ್ಯಂತ ನೀಳವಾದ, ಅತ್ಯಂತ ಮೊನಚಾದ ರಂಧ್ರವಲ್ಲದೆ ಮತ್ತೇನು? ತುಂಬಿದ ಹೊಳೆಯ ನೀರು ಬಂಡೆಯ ಬಳಸಿನಲ್ಲಿ ಒತ್ತಿ ಹರಿಯುವಂತೆ, ಬಿರುಕನ್ನು ದಾಟಲಾರದ ಎಳೆತವೆಲ್ಲ ಅದರ ತುದಿಯನ್ನು ಬಳಸಿ ಹೋಗಬೇಕಾಗುತ್ತದೆ. ತುಂಡಿನ ಉಳಿದ ಭಾಗ ಆರಾಮವಾಗಿರುವಾಗಲೇ ಆ ತುದಿಯಲ್ಲಿರುವ ಕೆಲವೇ ಪರಮಾಣುಗಳು ತಮ್ಮ ಸಿದ್ಧಾಂತದ ಎಲ್ಲೆಯನ್ನು ಮುಟ್ಟಿಬಿಡುತ್ತವೆ. ಅವು ಬಿಟ್ಟರೆ ಭಾರ ಮುಂದಿನವುಗಳ ಮೇಲೆ ಬೀಳುತ್ತದೆ. ಹೀಗೆ, ಒಟ್ಟಾಗಿ ನಿಂತಿದ್ದರೆ ಸೋಲದ ಪಡೆಯನ್ನು ಒಬ್ಬೊಬ್ಬರಾಗಿ ಕೆಡವಿದಂತಾಗುತ್ತದೆ.

ಇಂಗ್ಲೆಂಡಿನ ಫಾರ್ನ್‌ಬರೊ ಎಂಬಲ್ಲಿ ವಿಮಾನಗಳ ಸಂಶೋಧನಾಲಯದಲ್ಲಿ ಕೆಲಸಮಾಡುತ್ತಿದ್ದ ಎ. ಎ. ಗ್ರಿಫಿತ್ ಈ ವಿಚಾರವನ್ನು ಮುಂದುವರಿಸಿ, 1921ರಲ್ಲಿ ಪ್ರಕಟವಾದ ಲೇಖನದಲ್ಲಿ ಗಾಜಿನ ಮೇಲೆ ನಡೆಸಿದ ಪ್ರಯೋಗಗಳನ್ನು ವರ್ಣಿಸಿದನು. ಸುಮಾರು 1 ಮಿಲಿಮೀಟರು ದಪ್ಪದ ಗಾಜಿನ ಕಡ್ಡಿ ಚದರ ಮಿಲಿಮೀಟರಿಗೆ 17 ಕಿಲೋಗ್ರಾಂ ಎಳೆತಕ್ಕೆ ಮುರಿಯಿತು. ಅದೇ ಗಾಜನ್ನು ಕಾಯಿಸಿ ಎಳೆಯುತ್ತ ಎಳೆಯುತ್ತ ಕೂದಲಿಗಿಂತಲೂ ತೆಳುವಾದ ಎಳೆಗಳನ್ನು ತೆಗೆದಾಗ, ಎಳೆ ಸಣ್ಣದಾದಷ್ಟೂ ಬಲ ಏರುತ್ತ ಹೋಯಿತು. ಒಂದು ಮಿಲಿಮೀಟರಿನ ಮುನ್ನೂರನೆಯ ಒಂದು ಭಾಗದಷ್ಟು ತೆಳುವಾದ ಎಳೆ ಸುಮಾರು 345 ಕಿಲೋಗ್ರಾಂ ಎಳೆತವನ್ನು ತಾಳಿತು. ಇನ್ನೂ ಸಣ್ಣದಾದರೆ ಏನಾಗಬಹುದೆಂದು ಗಣಿಸಿ ಅವನು ಪಡೆದ ಅಂಕಿ ಸುಮಾರು 1,100. ಇದು ಸಿದ್ಧಾಂತದ ಎಲ್ಲೆಗೆ ಸರಿಸಮ. ಗಾಜು ಒಂದೇ, ಪರಮಾಣುಗಳು ಅವೇ, ವ್ಯತ್ಯಾಸವಾದದ್ದು ಬಿರುಕುಗಳಲ್ಲಿ. ದಪ್ಪ ಕಡ್ಡಿಯ ಬಲವನ್ನು ಕುಗ್ಗಿಸಲು ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಭಾಗದಷ್ಟು ಆಳದ ಬಿರುಕು ಸಾಕು. ಕಣ್ಣಿಗೆ ಕಾಣುವ ಮಾತೇ ಇಲ್ಲ. ಹೊಳೆಯುವ ಗಾಜಿನ ಮೈಮೇಲೆ ಒಂದು ಚಿಟಿಕೆ ಧೂಳು ಉಜ್ಜಿದರೂ ಅಂಥ ಗೀರುಗಳು ಏಳುತ್ತವೆ.

ಗ್ರಿಫಿತ್ ಇನ್ನೊಂದು ತತ್ತ್ವವನ್ನೂ ತೋರಿಸಿಕೊಟ್ಟನು. ಬಿರುಕು ಬೆಳೆಯಬೇಕಾದರೆ ಹೊಸ ಮೈ ಉಂಟಾಗಬೇಕು. ಅದಕ್ಕೆ ಶಕ್ತಿಯ ವೆಚ್ಚವುಂಟು. ಬಿರುಕು ಬೆಳೆದಾಗ ಸುತ್ತಲಿನ ಪದಾರ್ಥದಲ್ಲಿ ಎಳೆತದಿಂದ ಕೂಡಿಟ್ಟಿದ್ದ ಶಕ್ತಿ ಬಿಡುಗಡೆಯಾಗುತ್ತದೆ, ಅದು ಆದಾಯ. ಬಿರುಕು ಚಿಕ್ಕದಾಗಿರುವವರೆಗೆ ಆದಾಯಕ್ಕಿಂತ ವೆಚ್ಚ ಹೆಚ್ಚು, ಆದ್ದರಿಂದ ಅದು ನಿಂತಲ್ಲಿಯೇ ನಿಂತಿರುತ್ತದೆ. ಒಂದು ನಿರ್ದಿಷ್ಟ ಉದ್ದವನ್ನು ದಾಟಿತೆಂದರೆ ಆದಾಯ ಮೇಲಾಗಿ, ಹೊರಗಿನಿಂದ ಯಾವ ಪ್ರೇರಣೆಯೂ ಇಲ್ಲದೆ ಬಿರುಕು ತಾನೇ ಓಡತೊಡಗುತ್ತದೆ. ಕಲ್ಲುಕುಟಿಗನ ಸಾಲು ಏಟುಗಳು ಮಾಡುವ ಕೆಲಸ ಇಷ್ಟೇ: ಬಿರುಕನ್ನು ಆ ಹೊಸ್ತಿಲಿನವರೆಗೆ ಕರೆತರುವುದು. ಆಚೆಗಿನ ಕೆಲಸವನ್ನು ಕಲ್ಲು ತಾನೇ ಮಾಡಿಕೊಳ್ಳುತ್ತದೆ.

ಲೋಹಗಳ ಸಂಗತಿ ಸ್ವಲ್ಪ ಬೇರೆ. ತಾಮ್ರದ ತಂತಿಯನ್ನು ಬಗ್ಗಿಸಿದರೆ ಅದು ಗಾಜಿನಂತೆ ಮುರಿಯುವುದಿಲ್ಲ, ಬಾಗುತ್ತದೆ. ಅಂದರೆ ಅದರೊಳಗಿನ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುತ್ತವೆ. ಇಡೀ ಪದರ ಒಮ್ಮೆಗೇ ಜಾರಲು ಎಷ್ಟು ಬಲ ಬೇಕೆಂಬುದನ್ನು 1926ರಲ್ಲಿ ರಷ್ಯದ ಫ್ರೆಂಕೆಲ್ ಗಣಿಸಿದನು. ಬಂದ ಅಂಕಿಗೂ ಶುದ್ಧ ಲೋಹದ ಸ್ಫಟಿಕಗಳಲ್ಲಿ ಕಂಡ ಅಂಕಿಗೂ ಸಾವಿರಾರು ಪಟ್ಟು ಅಂತರವಿತ್ತು. 1934ರಲ್ಲಿ ಜಿ. ಐ. ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು, ಬೇರೆ ಬೇರೆಯಾಗಿ, ಇದರ ಕಾರಣವನ್ನು ಹೇಳಿದರು. ದೊಡ್ಡ ಜಮಖಾನವನ್ನು ನೆಲದ ಮೇಲೆ ಸರಿಸಬೇಕಾದಾಗ ನಾವು ಏನು ಮಾಡುತ್ತೇವೆ? ಇಡಿಯದನ್ನು ಒಮ್ಮೆಗೇ ಎಳೆಯುವುದು ಕಷ್ಟ. ಒಂದು ಅಂಚಿನಲ್ಲಿ ಸುಕ್ಕೊಂದನ್ನು ಎಬ್ಬಿಸಿ, ಆ ಸುಕ್ಕನ್ನು ಕಾಲಿನಿಂದ ಈಚೆಯ ಅಂಚಿಗೆ ನೂಕಿದರೆ, ಜಮಖಾನ ಸುಕ್ಕಿನಷ್ಟು ಸರಿದಿರುತ್ತದೆ. ಸ್ಫಟಿಕಗಳಲ್ಲಿಯೂ ಪರಮಾಣುಗಳ ಸಾಲು ತಪ್ಪಿದ ಇಂಥ ಸುಕ್ಕುಗಳಿರುತ್ತವೆ. ಅವುಗಳಿಗೆ ಸ್ಥಾನಭ್ರಂಶ ಎಂದು ಹೆಸರು. ಪದರವು ಒಂದೊಂದು ಸಾಲಾಗಿ ಜಾರುವುದರಿಂದ ಅಲ್ಪಬಲವೇ ಸಾಕಾಗುತ್ತದೆ. ಇಪ್ಪತ್ತೆರಡು ವರ್ಷಗಳವರೆಗೆ ಊಹೆಯಾಗಿಯೇ ಇದ್ದ ಈ ಸುಕ್ಕುಗಳ ಚಲನೆಯನ್ನು 1956ರಲ್ಲಿ ಕೇಂಬ್ರಿಜ್ಜಿನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಣ್ಣಾರೆ ನೋಡಿದರು.

ಇದರಿಂದ ಒಂದು ಉಪಾಯವೂ ಹೊಳೆಯುತ್ತದೆ. ಸುಕ್ಕು ಓಡದಂತೆ ತಡೆದರೆ ಲೋಹ ಗಟ್ಟಿಯಾಗಬೇಕಷ್ಟೆ? ನಮ್ಮ ಕಂಚುಗಾರರು ಪಾತ್ರೆಯನ್ನು ಬಡಿಯುತ್ತ ಬಡಿಯುತ್ತ ಅದು ಪೆಡಸಾಗುವುದನ್ನು ಕಂಡು, ಮತ್ತೆ ಬೆಂಕಿಗೆ ಹಾಕಿ ಮೆದುಮಾಡಿಕೊಳ್ಳುವುದು ಎಲ್ಲರಿಗೂ ತಿಳಿದದ್ದೇ. ಬಡಿದಾಗ ಒಳಗೆ ಸುಕ್ಕುಗಳು ಲೆಕ್ಕವಿಲ್ಲದಷ್ಟು ಹುಟ್ಟಿ, ಸಿಕ್ಕುಬಿದ್ದ ನೂಲಿನಂತೆ ಒಂದನ್ನೊಂದು ತಡೆಯುತ್ತವೆ. ಕಾಯಿಸಿದಾಗ ಸಿಕ್ಕು ಬಿಡುತ್ತದೆ. ಉಕ್ಕಿನ ಸರಳನ್ನು ಕಿರಿದಾದ ಅಚ್ಚುಗಳ ಮೂಲಕ ತಣ್ಣಗಿರುವಾಗಲೇ ಎಳೆದು ತಂತಿಯನ್ನು ಮಾಡಿದರೆ ಅದರ ಬಲ ಚದರ ಮಿಲಿಮೀಟರಿಗೆ 180 ಕಿಲೋಗ್ರಾಂವರೆಗೂ ಏರುತ್ತದೆ. ಸಾಧಾರಣ ಉಕ್ಕಿಗಿಂತ ನಾಲ್ಕರಷ್ಟು! ಆದರೂ ಸಿದ್ಧಾಂತದ ಎಲ್ಲೆಯ ಹತ್ತನೆಯ ಪಾಲಿಗೂ ಸ್ವಲ್ಪ ಕಡಿಮೆಯೇ. ಇದಕ್ಕೆ ತೆರಬೇಕಾದ ಬೆಲೆಯೂ ಒಂದುಂಟು. ಮೆದುವಾದ ಲೋಹ ಬಿರುಕಿನ ತುದಿಯಲ್ಲಿ ತಾನು ಬಾಗಿಕೊಟ್ಟು ಆ ಮೊನೆಯನ್ನು ಮೊಂಡುಮಾಡುತ್ತದೆ. ಅತಿಯಾಗಿ ಗಟ್ಟಿಮಾಡಿದ ಲೋಹಕ್ಕೆ ಆ ದಾಕ್ಷಿಣ್ಯವಿಲ್ಲ. ಬಲ ಬೇರೆ, ತಾಳಿಕೆ ಬೇರೆ. ಎರಡನ್ನೂ ಬೇಕಾದಷ್ಟು ಪಡೆಯುವುದೇ ಲೋಹಶಾಸ್ತ್ರದ ಕಷ್ಟಗಳಲ್ಲಿ ದೊಡ್ಡದು.

ದೋಷವೇ ಇಲ್ಲದ ಪದಾರ್ಥವನ್ನು ಯಾರೂ ಕಂಡಿಲ್ಲವೇ ಎಂದು ಕೇಳಬಹುದು. ಹೆಚ್ಚು ಕಡಿಮೆ ಕಂಡಿದ್ದಾರೆ. ದೂರವಾಣಿಯ ಸಲಕರಣೆಗಳಲ್ಲಿ ಲೋಹದ ಲೇಪದಿಂದ ತಾವಾಗಿಯೇ ಮೀಸೆಯಂತೆ ಬೆಳೆದು ತೊಂದರೆ ಕೊಡುತ್ತಿದ್ದ ಸೂಕ್ಷ್ಮ ಎಳೆಗಳನ್ನು 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹೆರಿಂಗ್ ಮತ್ತು ಗಾಲ್ಟ್ ಎಂಬವರು ಬಗ್ಗಿಸಿ ನೋಡಿ, ಅವು ಸಿದ್ಧಾಂತದ ಬಲಕ್ಕೆ ಸಮೀಪದಲ್ಲಿರುವುದನ್ನು ಕಂಡರು. 1956ರಲ್ಲಿ ಬ್ರೆನರ್ ಎಂಬವನು ಇಂಥದೇ ಕಬ್ಬಿಣದ ಎಳೆಯಲ್ಲಿ ಸುಮಾರು 1,300 ಕಿಲೋಗ್ರಾಂ ಬಲವನ್ನು ಅಳೆದನು. 2008ರಲ್ಲಿ ಒಂದೇ ಪರಮಾಣುವಿನಷ್ಟು ದಪ್ಪವಿರುವ ಗ್ರಾಫೀನ್ ಎಂಬ ಇಂಗಾಲದ ಹಾಳೆಯಲ್ಲಿ ಸುಮಾರು 13,000 ಕಿಲೋಗ್ರಾಂ ದೊರೆಯಿತು. ಆದರೆ ಇವೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತುಣುಕುಗಳು. ತುಂಡು ದೊಡ್ಡದಾದಷ್ಟೂ ಅದರಲ್ಲಿ ಎಲ್ಲಿಯಾದರೂ ಒಂದು ದೊಡ್ಡ ದೋಷವಿರುವ ಸಂಭವ ಹೆಚ್ಚು; ಮತ್ತು ತುಂಡಿನ ಬಲವನ್ನು ನಿರ್ಣಯಿಸುವುದು ಸರಾಸರಿ ದೋಷವಲ್ಲ, ಅತಿ ದೊಡ್ಡ ದೋಷ. ಆದ್ದರಿಂದಲೇ ಬೆರಳುದ್ದದ ಎಳೆಯಲ್ಲಿ ಕಂಡ ಬಲವನ್ನು ನಂಬಿ ಮೈಲಿಯುದ್ದದ ಹಗ್ಗವನ್ನು ಮಾಡಲಾಗದು.

ಮೈಲಿಯುದ್ದದ ಹಗ್ಗ ಎಂದದ್ದು ಬರಿಯ ಮಾತಿಗಲ್ಲ. ನಂಗಲಿಯಿಂದ ನೈಋತ್ಯದಲ್ಲಿ, ಅದೇ ಕೋಲಾರ ಜಿಲ್ಲೆಯಲ್ಲಿ, ಅಂಥ ಹಗ್ಗಗಳ ಮೇಲೆ ಸಾವಿರಾರು ಜನರ ಪ್ರಾಣ ದಿನದಿನವೂ ತೂಗಾಡುತ್ತಿದ್ದ ಸ್ಥಳವೊಂದುಂಟು. ಅದೇ ಕೋಲಾರದ ಚಿನ್ನದ ಗಣಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿಯವರ ಕೈಯಲ್ಲಿ ಬೆಳೆಯತೊಡಗಿ, 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ ಅಲ್ಲಿ ಕೆಲಸ ನಡೆಯಿತು. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರು ಆಳವನ್ನು ಮುಟ್ಟಿ, ಪ್ರಪಂಚದ ಅತ್ಯಂತ ಆಳವಾದ ಗಣಿಗಳ ಸಾಲಿನಲ್ಲಿ ಸೇರಿತ್ತು. ಅಲ್ಲಿ ಕೆಲಸಗಾರರು ಶಾಫ್ಟಿನಲ್ಲಿ ಇಳಿಯುತ್ತಿದ್ದದ್ದು ಉಕ್ಕಿನ ಹಗ್ಗಕ್ಕೆ ಕಟ್ಟಿದ ಕೇಜಿನಲ್ಲಿ.

ಈಗ ಒಂದು ಸುಲಭವಾದ ಲೆಕ್ಕವನ್ನು ಮಾಡೋಣ. ಒಂದು ಚದರ ಮಿಲಿಮೀಟರು ದಪ್ಪದ ಉಕ್ಕಿನ ತಂತಿ ಒಂದು ಕಿಲೋಮೀಟರು ಉದ್ದವಿದ್ದರೆ ಅದರ ತೂಕ ಸುಮಾರು 7.85 ಕಿಲೋಗ್ರಾಂ. ಅದನ್ನು ಮೇಲಿನಿಂದ ತೂಗಬಿಟ್ಟರೆ ಮೇಲಿನ ತುದಿ ಅಷ್ಟೂ ತೂಕವನ್ನು ಹೊರಬೇಕು. ತಂತಿಯ ಬಲ 180 ಕಿಲೋಗ್ರಾಂ ಆದರೆ, ಸುಮಾರು 23 ಕಿಲೋಮೀಟರು ಉದ್ದವಾದಾಗ ಯಾವ ಹೊರೆಯೂ ಇಲ್ಲದೆ ತನ್ನ ತೂಕದಿಂದಲೇ ಅದು ಹರಿದುಹೋಗುತ್ತದೆ. ದಪ್ಪನೆಯ ತಂತಿಯನ್ನು ಹಾಕಿದರಾಗದೆ? ಆಗದು, ದಪ್ಪ ಇಮ್ಮಡಿಯಾದರೆ ಬಲವೂ ಇಮ್ಮಡಿ, ತೂಕವೂ ಇಮ್ಮಡಿ. ತಂತಿಯು ತನ್ನ ಭಾರದಿಂದಲೇ ಹರಿಯುವ ಈ ಉದ್ದದ ವಿಚಾರವನ್ನು ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿಯೇ ತಾಮ್ರದ ತಂತಿಯ ಉದಾಹರಣೆಯಿಂದ ಚರ್ಚಿಸಿದ್ದಾನೆ. ಉಕ್ಕು ದೋಷರಹಿತವಾಗಿ ಸಿದ್ಧಾಂತದ 2,000 ಕಿಲೋಗ್ರಾಂ ಬಲವನ್ನು ಪಡೆದಿದ್ದರೆ ಈ ಉದ್ದ 250 ಕಿಲೋಮೀಟರಿಗೆ ಏರುತ್ತಿತ್ತು. ಇನ್ನು ಮನುಷ್ಯರನ್ನು ಹೊರುವ ಹಗ್ಗವಾದರೆ, ಅದರ ಬಲ ಹೊರೆಗಿಂತ ಹತ್ತುಪಾಲು ಹೆಚ್ಚಾಗಿರಲಿ ಎಂದು ಇಟ್ಟುಕೊಳ್ಳೋಣ. ಆಗ ಉದ್ದ 2.3 ಕಿಲೋಮೀಟರಿಗೆ ಇಳಿಯುತ್ತದೆ. ಕೇಜಿನ ಮತ್ತು ಜನರ ಭಾರವನ್ನೂ ಸೇರಿಸಿದರೆ ಇನ್ನೂ ಕಡಿಮೆ.

250, 23, 2. ಈ ಮೂರು ಅಂಕಿಗಳನ್ನು ಕೇಳುಗರು ನೆನಪಿನಲ್ಲಿಟ್ಟುಕೊಂಡರೆ ಈ ಭಾಷಣದ ಸಾರವನ್ನೆಲ್ಲ ನೆನಪಿಟ್ಟುಕೊಂಡಂತೆ. ಮೊದಲನೆಯದು ಪ್ರಕೃತಿ ಕೊಡಬಲ್ಲದ್ದು. ಎರಡನೆಯದು ನಮ್ಮ ಕೈಗೆ ಬಂದದ್ದು. ಮೂರನೆಯದು ವಿವೇಕವುಳ್ಳವರು ಬಳಸುವುದು. 3.2 ಕಿಲೋಮೀಟರು ಆಳದ ಗಣಿಗೆ ಒಂದೇ ಹಗ್ಗದಿಂದ ಇಳಿಯುವುದು ಏಕೆ ಸಾಧ್ಯವಿರಲಿಲ್ಲವೆಂಬುದೂ ಇದರಿಂದ ತಿಳಿಯುತ್ತದೆ. ಕೋಲಾರದಲ್ಲಿ ಒಂದು ಶಾಫ್ಟಿನ ತಳದಿಂದ ಮುಂದಕ್ಕೆ, ಭೂಮಿಯ ಒಳಗೇ ಎತ್ತುವ ಯಂತ್ರಗಳನ್ನು ಸ್ಥಾಪಿಸಿ, ಮತ್ತೊಂದು ಶಾಫ್ಟಿನಲ್ಲಿ ಮತ್ತೊಂದು ಹಗ್ಗದಿಂದ, ಹೀಗೆ ಹಂತಹಂತವಾಗಿ ಇಳಿಯಬೇಕಾಗಿತ್ತು.

ಹತ್ತುಪಾಲಿನ ಈ ಜಾಗರೂಕತೆ ಅತಿಯಾಯಿತೆಂದು ತೋರಬಹುದು. ಹಗ್ಗವು ತಟಸ್ಥವಾಗಿ ತೂಗಾಡುವುದಾದರೆ ಹಾಗೆ ಹೇಳಬಹುದಿತ್ತು. ಆದರೆ ಅದು ಗಾಲಿಯ ಮೇಲೆ ಹಾಯುವಾಗ ಪ್ರತಿಸಲವೂ ಬಾಗುತ್ತದೆ, ಕೇಜು ಹೊರಡುವಾಗ ಮತ್ತು ನಿಲ್ಲುವಾಗ ಜಗ್ಗುತ್ತದೆ, ಶಾಫ್ಟಿನ ತೇವದಲ್ಲಿ ತುಕ್ಕು ಹಿಡಿಯುತ್ತದೆ. ಒಮ್ಮೆ ಹೊತ್ತರೆ ಏನೂ ಆಗದ ಭಾರವನ್ನು ಲಕ್ಷಸಲ ಹೊತ್ತಾಗ ಲೋಹ ದಣಿಯುತ್ತದೆ. ಸಣ್ಣ ಬಿರುಕು ಪ್ರತಿಸಲವೂ ಕೂದಲೆಳೆಯಷ್ಟು ಮುಂದಕ್ಕೆ ಸರಿಯುತ್ತದೆ. ಇದನ್ನು ಮೊದಲು ಪರೀಕ್ಷಿಸಿದವನು ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿಗಳಲ್ಲಿ ಅಧಿಕಾರಿಯಾಗಿದ್ದ ವಿಲ್‌ಹೆಲ್ಮ್ ಆಲ್ಬರ್ಟ್. ಗಣಿಯ ಸರಪಣಿಗಳು ಮೇಲಿಂದ ಮೇಲೆ ಕಡಿದುಹೋಗುವುದನ್ನು ಕಂಡು, 1829ರ ಸುಮಾರಿಗೆ ಅವನು ಸರಪಣಿಗಳಿಗೆ ಭಾರವನ್ನು ಮತ್ತೆ ಮತ್ತೆ ಕೊಟ್ಟು ನೋಡಿದನು. 1834ರಲ್ಲಿ ಸರಪಣಿಯನ್ನೇ ಕೈಬಿಟ್ಟು, ನಾಲ್ಕು ನಾಲ್ಕು ತಂತಿಗಳ ಮೂರು ಎಳೆಗಳನ್ನು ಹೊಸೆದು ತಂತಿಯ ಹಗ್ಗವನ್ನು ಮಾಡಿಸಿದನು.

ಸರಪಣಿಗೂ ಹಗ್ಗಕ್ಕೂ ಇರುವ ಭೇದದಲ್ಲಿ ದೊಡ್ಡ ತತ್ತ್ವವೊಂದು ಅಡಗಿದೆ. ಸಾವಿರ ಕೊಂಡಿಗಳ ಸರಪಣಿಯಲ್ಲಿ ಒಂದು ಕೊಂಡಿಯ ದೋಷವೇ ಇಡೀ ಸರಪಣಿಯ ದೋಷ. ಅದು ಕಡಿದಾಗ ಮುನ್ಸೂಚನೆಯೂ ಇಲ್ಲ. ಹಗ್ಗದಲ್ಲಾದರೋ ಒಂದು ತಂತಿ ಕಡಿದರೆ ಅದರ ಬಿರುಕು ಪಕ್ಕದ ತಂತಿಗೆ ದಾಟಲಾರದು. ಕಡಿದ ತಂತಿಯ ಪಾಲನ್ನು ನೆರೆಯವು ಹೊರುತ್ತವೆ. ತಿಕ್ಕಾಟದ ಬಲದಿಂದ ಸ್ವಲ್ಪ ದೂರದಲ್ಲಿ ಆ ಕಡಿದ ತಂತಿಯೇ ಮತ್ತೆ ತನ್ನ ಪಾಲಿನ ಭಾರವನ್ನು ಹೊರತೊಡಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊರಗಡೆ ಕಡಿದ ತಂತಿಯ ಮೊನೆಗಳು ನೋಡುವವನ ಕಣ್ಣಿಗೆ ಬೀಳುತ್ತವೆ. ಗಣಿಗಳಲ್ಲಿ ಹಗ್ಗವನ್ನು ನಿಯತವಾಗಿ ನೋಡುವುದು, ಕಡಿದ ತಂತಿಗಳನ್ನು ಎಣಿಸುವುದು, ಕಾಲಕಾಲಕ್ಕೆ ಕೇಜಿನ ಕಡೆಯ ತುದಿಯನ್ನು ಕತ್ತರಿಸಿ ಪರೀಕ್ಷೆಗೆ ಒಯ್ದು ಹೊಸದಾಗಿ ಕಟ್ಟುವುದು, ಇವೆಲ್ಲ ಕಟ್ಟುನಿಟ್ಟಿನ ನಿಯಮಗಳು. ದೋಷವಿಲ್ಲದ ಉಕ್ಕನ್ನು ಮಾಡಲಾರದ ಮನುಷ್ಯನು, ದೋಷವಿದ್ದರೂ ಒಮ್ಮೆಗೇ ಕೈಕೊಡದ, ಮುಂಚಿತವಾಗಿ ಸುಳಿವು ಕೊಡುವ ವಸ್ತುವನ್ನು ಮಾಡಿಕೊಂಡನು. ಇದು ಬಲವನ್ನು ಹೆಚ್ಚಿಸುವುದಕ್ಕಿಂತಲೂ ದೊಡ್ಡ ಸಾಧನೆ.

ಹಗ್ಗವನ್ನು ಮಾಡುವುದು ಮನುಷ್ಯನ ಕೈಯಲ್ಲಿದೆ; ಗಣಿಯ ಬಂಡೆಯನ್ನು ಮಾತ್ರ ಇದ್ದಂತೆಯೇ ಒಪ್ಪಿಕೊಳ್ಳಬೇಕು. 3.2 ಕಿಲೋಮೀಟರು ಆಳದಲ್ಲಿ ಮೇಲಿನ ಬಂಡೆಯ ತೂಕ ಚದರ ಮಿಲಿಮೀಟರಿಗೆ ಸುಮಾರು 9 ಕಿಲೋಗ್ರಾಂ. ಅಲ್ಲಿ ಸುರಂಗವನ್ನು ತೋಡಿದರೆ, ತಗಡಿನ ರಂಧ್ರದ ವಿಷಯದಲ್ಲಿ ಹೇಳಿದಂತೆಯೇ, ಒತ್ತಡವು ಸುರಂಗವನ್ನು ಬಳಸಿ ಹೋಗಬೇಕಾಗಿ ಅದರ ಗೋಡೆಯಲ್ಲಿ ಇಮ್ಮಡಿಯಾಗುತ್ತದೆ. 18 ಕಿಲೋಗ್ರಾಂ! ಒಳ್ಳೆಯ ಗ್ರಾನೈಟಿನ ತಾಳಿಕೆ 15ರಿಂದ 20 ಎಂದು ಆಗಲೇ ಹೇಳಿದ್ದೇನೆ. ಚಿನ್ನದ ಪಟ್ಟಿಯ ಕರಿಯ ಕಲ್ಲು ಅದಕ್ಕಿಂತ ಗಟ್ಟಿಯಾದರೂ, ಅದಿರನ್ನು ತೆಗೆದು ನಡುವೆ ಉಳಿಸಿದ ಕಂಬಗಳ ಮೇಲೆ ಬೀಳುವ ಭಾರ ಇನ್ನೂ ಹೆಚ್ಚು. ಎಲ್ಲೆಯನ್ನು ಮೀರಿದಾಗ ಮೆದುಕಲ್ಲು ನಿಧಾನವಾಗಿ ಪುಡಿಯಾಗಿ ಸರಿದುಕೊಳ್ಳುತ್ತದೆ. ಗಟ್ಟಿಕಲ್ಲು ಹಾಗಲ್ಲ, ಕೊನೆಯ ಕ್ಷಣದವರೆಗೂ ತಡೆದು, ತನ್ನಲ್ಲಿ ಕೂಡಿಟ್ಟ ಶಕ್ತಿಯನ್ನೆಲ್ಲ ಒಮ್ಮೆಗೇ ಬಿಟ್ಟು ಸಿಡಿಯುತ್ತದೆ. ಕಲ್ಲಿನ ಬಲವೇ ಇಲ್ಲಿ ಅಪಾಯಕ್ಕೆ ಮೂಲ. ಕೋಲಾರದ ಗಣಿಗಳಲ್ಲಿ 19ನೆಯ ಶತಮಾನದ ಕೊನೆಯಿಂದಲೂ ಈ ಬಂಡೆಸಿಡಿತಗಳು ನಡೆಯುತ್ತಿದ್ದವು. ಅವುಗಳಿಗೆ ಸಿಕ್ಕಿ ಎಷ್ಟೋ ಕೆಲಸಗಾರರು ಭೂಮಿಯೊಳಗೆ ಪ್ರಾಣವನ್ನು ನೀಗಿದರು. ಮೇಲೆ ಊರಿನಲ್ಲಿ ಪಾತ್ರೆಗಳು ನಡುಗಿದಾಗ ಮನೆಯವರಿಗೆ ಕೆಳಗೆ ಏನಾಯಿತೋ ಎಂಬ ಭಯ.

ಇದಕ್ಕೆ ಪ್ರತೀಕಾರವಾಗಿ ಅದಿರು ತೆಗೆದ ಖಾಲಿ ಜಾಗಗಳಲ್ಲಿ ಗ್ರಾನೈಟು ಕಲ್ಲಿನ ಕಟ್ಟಣೆಯನ್ನು ತುಂಬಿ ಆಧಾರ ಕೊಟ್ಟರು; ಅನಂತರದ ಕಾಲದಲ್ಲಿ ಕಾಂಕ್ರೀಟನ್ನು ಬಳಸಿದರು. ಅದಿರನ್ನು ಯಾವ ಕ್ರಮದಲ್ಲಿ ತೆಗೆದರೆ ಒತ್ತಡ ಒಂದೆಡೆ ಗುಂಪಾಗದೆಂಬುದನ್ನು ಅಭ್ಯಾಸಮಾಡಿದರು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಬಂಡೆಯ ಒಳಗಿನ ಸಣ್ಣ ಸಣ್ಣ ಬಿರಿತಗಳ ಸದ್ದನ್ನು ಹಿಡಿಯುವ ಉಪಕರಣಗಳನ್ನು ಗಣಿಯ ಸುತ್ತಲೂ ನೆಟ್ಟು, ಸಿಡಿತವೆಲ್ಲಿ ಆಯಿತು, ಇನ್ನೆಲ್ಲಿ ಆಗಬಹುದು ಎಂಬುದನ್ನು ಕೇಳಿ ತಿಳಿಯಲು ಯತ್ನಿಸಿದರು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಂಥ ಊರುಗಳ ಶಿಲ್ಪಿಗಳಿಗೆ ಈ ವಿದ್ಯೆ ಹೊಸದಲ್ಲ. ವಿಗ್ರಹಕ್ಕೆ ಕಲ್ಲನ್ನು ಆರಿಸುವ ಶಿಲ್ಪಿ ಅದನ್ನು ತಟ್ಟಿ, ಗಂಟೆಯಂತೆ ನುಡಿದರೆ ಮಾತ್ರ ಒಪ್ಪುತ್ತಾನೆ. ಒಡಕು ಧ್ವನಿ ಬಂದರೆ ಒಳಗೆ ಬಿರುಕಿದೆಯೆಂದು ಬಿಡುತ್ತಾನೆ. ಗಣಿಯಲ್ಲಿ ಮಾಡಿದ್ದು ಇದನ್ನೇ, ದೊಡ್ಡ ಪ್ರಮಾಣದಲ್ಲಿ. 1988ರಲ್ಲಿ ಕೋಲಾರದ ಗಣಿಯ ಊರಿನಲ್ಲಿಯೇ ಬಂಡೆಗಳ ಬಲವನ್ನು ಕುರಿತ ರಾಷ್ಟ್ರೀಯ ಸಂಸ್ಥೆಯೊಂದು ಸ್ಥಾಪಿತವಾಯಿತು. ಅಷ್ಟು ಜನರ ಪ್ರಾಣದ ಬೆಲೆಗೆ ದೊರೆತ ಜ್ಞಾನ ಮುಂದೆ ಅಣೆಕಟ್ಟು, ಸುರಂಗಗಳ ಕೆಲಸಕ್ಕೂ ಒದಗುವಂತಾಯಿತು.

ಸಿದ್ಧಾಂತದ ಎಲ್ಲೆಯನ್ನು ಅರಸುವ ಕೆಲಸ ಇದರಿಂದ ವ್ಯರ್ಥವೆಂದು ಯಾರೂ ಭಾವಿಸಬಾರದು. ಆ ದೊಡ್ಡ ಅಂಕಿ ಇಲ್ಲದಿದ್ದರೆ ನಮ್ಮ ಉಕ್ಕು ಎಷ್ಟು ಕೊರತೆಯಿಂದ ಕೂಡಿದೆಯೆಂಬುದೇ ತಿಳಿಯುತ್ತಿರಲಿಲ್ಲ; ಕೊರತೆ ತಿಳಿಯದಿದ್ದರೆ ದೋಷವನ್ನು ಹುಡುಕುವವರೂ ಇರುತ್ತಿರಲಿಲ್ಲ. ಆದರೆ ಆ ಅಂಕಿಯನ್ನು ನಂಬಿ ಯಾರನ್ನೂ ಬಾವಿಯೊಳಕ್ಕೆ ಇಳಿಸಲಾಗದು.

ಹೊಸದಾಗಿ ಕಟ್ಟಿದ ಸೇತುವೆಯನ್ನೋ ಎತ್ತರದ ಮಹಡಿಯನ್ನೋ ನೋಡಿ ಇದು ಎಷ್ಟು ಭಾರ ಹೊರಬಲ್ಲದು ಎಂದು ಕೇಳುವುದು ನಮ್ಮ ರೂಢಿ. ಅದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕೇಳುವುದನ್ನು ನಾಗರಿಕರು ಅಭ್ಯಾಸಮಾಡಿಕೊಳ್ಳಬೇಕು. ಇದು ಕೆಡುವ ಮೊದಲು ಸುಳಿವು ಕೊಡುತ್ತದೆಯೆ? ಆ ಸುಳಿವನ್ನು ನೋಡಲು ಯಾರನ್ನು ನೇಮಿಸಿದ್ದೀರಿ, ಅವರು ಕಡೆಯ ಸಲ ನೋಡಿದ್ದು ಯಾವಾಗ? ಬಲವನ್ನು ಒಮ್ಮೆ ಲೆಕ್ಕಮಾಡಿದರೆ ಮುಗಿಯಿತು. ಬಿರುಕು ಬೆಳೆಯುವುದು ದಿನದಿನವೂ. ಹಗ್ಗವನ್ನು ಕೈಯಲ್ಲಿ ಹಿಡಿದು ಕಡಿದ ತಂತಿಗಳನ್ನು ಎಣಿಸುವ ಕೆಲಸಗಾರನು ತನ್ನ ಕೆಲಸವನ್ನು ಒಂದು ದಿನ ಬಿಟ್ಟರೆ, ಇಂಜನಿಯರಿನ ಹತ್ತುಪಾಲಿನ ಲೆಕ್ಕ ಕೇಜಿನಲ್ಲಿ ನಿಂತವರನ್ನು ಕಾಪಾಡಲಾರದು.